ಸಿಐಸಿ ಹೊತ್ತು ತಪ್ಪದಂತೆ ಮಾಡಿದ್ದು ಹೀಗೆ

ಸಿಐಸಿ ಅಂದರೆ ಮೂತ್ರಕೋಶ ಖಾಲಿ ಮಾಡಲು ಹೊತ್ತುಹೊತ್ತಿಗೆ ತೆಳು ಕೊಳವೆ (ಕ್ಯಾತಿಟರ್) ಹಾಕಿ ತೆಗೆಯುವುದು. ಸ್ಪೈನಾ ಬೈಫಿಡಾ (ಹುಟ್ಟುವ ಮೊದಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ) ಇರುವ ಹದಿಹರೆಯದವರಿಗೆ ಕ್ಯಾತಿಟರ್ ಹಾಕಿಕೊಳ್ಳಲು ಕಲಿಸುವುದು ದೊಡ್ಡ ಕೆಲಸವಲ್ಲ. ನಾಲ್ಕು ಗಂಟೆಗೊಮ್ಮೆ ಯಾರೂ ಹೇಳದೆ ತಾವಾಗಿ ಶುರು ಮಾಡಬೇಕಲ್ಲ, ಎಡವಟ್ಟಾಗುವುದು ಅಲ್ಲಿ. “ಇಷ್ಟು ಮಾತಾಡ್ತಾಳೆ, ಇದೊಂದು ನೆನಪಿರಲ್ವಾ? ಸೋಮಾರಿತನ ಅಷ್ಟೇ” ಅನ್ನುತ್ತಾರೆ ಮನೆಯವರು, ಈ ಮಕ್ಕಳ ಜೊತೆ ಕೆಲಸ ಮಾಡುವ ನಮ್ಮ ಕಸುಬಿನವರೂ ಅಂದಿದ್ದಾರೆ. ಸ್ಪೈನಾ ಬೈಫಿಡಾ ಜೊತೆ ಕಿಯಾರಿ-2 (ಹಿಂಮಿದುಳಿನ ಭಾಗ ಕುತ್ತಿಗೆಯತ್ತ ಜಾರಿರುವುದು), ಶಂಟ್ (ಮಿದುಳಲ್ಲಿ ತುಂಬುವ ನೀರು ಇಳಿಸಲು ಹಾಕಿದ ಕೊಳವೆ) ಇರುವ ಮಕ್ಕಳಲ್ಲಿ ಸಾಮಾನ್ಯವಾಗಿ ಮಾತು ಸರಾಗ. ಆದರೆ ಹಿಡಿದ ಕೆಲಸದಿಂದ ಗಮನ ಬಿಡಿಸಿ ಬೇರೆಡೆ ತಿರುಗಿಸುವುದು ನಿಧಾನ, ಗಮನ ತಿರುಗಿಸಲು ನೆರವಾಗುವ ಮಿದುಳಿನ ಭಾಗದ (ಮಿಡ್‌ಬ್ರೇನ್ ಟೆಕ್ಟಮ್) ರಚನೆಯೇ ಹಲವರಲ್ಲಿ ಬೇರೆ ಇರುತ್ತದೆ.

ಮೊಬೈಲ್ ಅಲಾರಂ ಸೋಲುವುದೂ ಇದಕ್ಕೇ. ಹೊಡೆಯುತ್ತದೆ, ಬೆರಳು ಆಫ್ ಮಾಡುತ್ತದೆ, ಕಣ್ಣು ಪುಸ್ತಕ ಬಿಟ್ಟು ಏಳುವುದಿಲ್ಲ. ಗೋಡೆಗೆ ಚಾರ್ಟ್ ಅಂಟಿಸಿದರೆ ವಾರದೊಳಗೆ ಅದು ಗೋಡೆಯೇ ಆಗಿಬಿಡುತ್ತದೆ.

ನಮಗೆ ಫಲ ಕೊಟ್ಟದ್ದು ವೈಬ್ರೇಷನ್ ವಾಚ್, ಎರಡು ಅಲಾರಂ. ಮೊದಲನೆಯದು ನಿಲ್ಲಿಸಲು ಮಾತ್ರ: ಪೆನ್ನಿಗೆ ಕ್ಯಾಪ್, ಪುಸ್ತಕ ಮುಚ್ಚು. ಮೂರು ನಿಮಿಷ ಬಿಟ್ಟು ಎರಡನೆಯದು: ಪೌಚ್ ಕೈಗೆ. ಪೌಚ್‌ನಲ್ಲಿ ಬಳಸುವ ಕ್ರಮದಲ್ಲೇ ವೈಪ್ಸ್, ಜೆಲ್ಲಿ, ಲೇಟೆಕ್ಸ್ ಇಲ್ಲದ ಕ್ಯಾತಿಟರ್, ಕಸದ ಕವರ್. ಹುಡುಗಿಯರಿಗೆ ಪುಟ್ಟ ಕನ್ನಡಿ. ಗಾಲಿಕುರ್ಚಿಯ ಎಡಕ್ಕೆ ತೂಗಿದ್ದ ಪೌಚ್ ಕೆಲಸ ಮುಗಿದ ಮೇಲೆ ಬಲಕ್ಕೆ. ಆಯಿತಾ ಇಲ್ಲವಾ ಎಂದು ಯಾರೂ ಕೇಳಬೇಕಿಲ್ಲ, ಮಗುವೂ ನೆನಪಿಸಿಕೊಳ್ಳಬೇಕಿಲ್ಲ. ಹೊತ್ತನ್ನು ಶಾಲೆಯ ಬಿಡುವಿಗೇ ಕಟ್ಟಿ. ಗಣಿತ ಪೀರಿಯಡ್ ನಡುವೆ ಎದ್ದು ಹೋಗಲು ಯಾವ ಮಗುವೂ ಒಪ್ಪುವುದಿಲ್ಲ.

ಐನೂರು ರೂಪಾಯಿ ಆಸುಪಾಸಿನ ವಾಚುಗಳಿಗೆ ಸುರಿದ ದುಡ್ಡೆಲ್ಲ ಹೋಯಿತು, ಅದುರುವುದು ಕೈಗೇ ಗೊತ್ತಾಗುವುದಿಲ್ಲ. ಸಾವಿರದೆಂಟುನೂರರ ಸುತ್ತಮುತ್ತಲಿನದು ಸಾಕು. ದಿನಾ ಚಾರ್ಜ್ ಬೇಡುವಂಥದ್ದು ಬೇಡ, ಮರೆಯಲು ಇನ್ನೊಂದು ಸಿಕ್ಕಂತೆ.

ವಾರಕ್ಕೊಂದು ದಿನ ಪ್ರತಿ ಸಲ ಬಂದ ಮೂತ್ರವನ್ನು ಎಂ.ಎಲ್. ಲೆಕ್ಕದಲ್ಲಿ ಅಳೆದು ಬರೆಸಿ. ಸದಾ 250-300 ಬರುವ ಮಗುವಿಗೆ 500 ಬಂದರೆ ಒಂದು ಸರದಿ ತಪ್ಪಿರಬಹುದು. ತೀರಾ ಕಡಿಮೆ ಬಂದರೆ ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ, ಕೇಳಿ ನೋಡಿ.

ಗಮನದ ಇದೇ ತೊಂದರೆ ಲೆಕ್ಕ ಮಾಡುವಾಗಲೂ ಕಾಡುತ್ತದೆಂದು ಇದೇ ಜಾಡಿನಲ್ಲಿ ಗಣಿತಕ್ಕೂ ಕೈಹಾಕಿದೆವು. ಕಿಟಕಿ ಕತ್ತರಿಸಿದ ರಟ್ಟನ್ನು ಹಾಳೆಯ ಮೇಲಿಟ್ಟು ಒಂದೇ ಲೆಕ್ಕ ಕಾಣುವಂತೆ ಮಾಡಿ, ಚೌಕುಳಿ ಹಾಳೆಯಲ್ಲಿ ಬರೆಸಿದರೆ ಬಿಡಿ-ಹತ್ತು ಸ್ಥಾನ ಕಲಸಿಹೋಗುವುದು ಅರ್ಧದಷ್ಟು ನಿಂತಿತು. ಸಮಸ್ಯಾ ಲೆಕ್ಕಗಳಿಗೆ ಮಾತ್ರ ಏನೂ ನಡೆಯಲಿಲ್ಲ.

ಚೆನ್ನಾಗಿ ನಡೆಯುತ್ತಿದ್ದ ಮಗು ಏಕಾಏಕಿ ಮತ್ತೆ ಮರೆಯತೊಡಗಿ, ಜೊತೆಗೆ ತಲೆನೋವು, ವಾಂತಿ, ಮಂಪರು ಕಂಡರೆ ವಾಚು ಪೌಚು ಬದಿಗಿಟ್ಟು ಅಂದೇ ನ್ಯೂರೋಸರ್ಜನ್ ಬಳಿ ಕಳಿಸಿ. ಶಂಟ್ ಕಟ್ಟಿಕೊಂಡಿರಬಹುದು.