ಮೊಡವೆ ಮುಟ್ಟಬೇಡಿ, ದಿಂಬಿನ ಗವಸು ನೋಡಿ

ಮೊನ್ನೆ ನನ್ನ ತಂಗಿಯ ಮೊಮ್ಮಗಳು ರಜಕ್ಕೆ ಬಂದಿದ್ದಳು. ಹತ್ತನೇ ಕ್ಲಾಸು. ಇಲ್ಲಿ ಕಾಫಿ ಆರಿ ಹೋಗುತ್ತಿದೆ, ಅವಳು ಬಚ್ಚಲ ಕನ್ನಡಿ ಮುಂದೆ ನಿಂತು ಎರಡು ಉಗುರು ಸೇರಿಸಿ ಕೆನ್ನೆಯ ಮೊಡವೆ ಹಿಸುಕುತ್ತಿದ್ದಾಳೆ. ಪಕ್ಕದಲ್ಲಿ ಅರ್ಧ ಹೋಳು ನಿಂಬೆಹಣ್ಣು, ಮೂತಿ ತೆರೆದಿಟ್ಟ ಟೂತ್‌ಪೇಸ್ಟು. ನನಗೆ ಕೋಪ ತಡೆಯಲಾಗಲಿಲ್ಲ. ಹಲ್ಲಿಗೆ ಮಾಡಿದ್ದನ್ನು ಮುಖಕ್ಕೆ ಯಾಕಮ್ಮ ಬಳಿಯುತ್ತೀಯ? ನಿಂಬೆ ಹುಳಿ ತಗುಲಿದ ಚರ್ಮ ಉರಿಯುತ್ತದೆ, ಹಾಗೇ ಬಿಸಿಲಿಗೆ ಹೋದರೆ ಕಪ್ಪು ಕಲೆ ಕೂರುತ್ತದೆ. ಮೊಡವೆ ಹೋಗಿ ಕಲೆ ಬಂತು, ಏನು ಸುಖ?

ನಾನು ಶಿಡ್ಲಘಟ್ಟದ ಕಡೆಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಆಗ ನಮ್ಮದು ಕೋಲಾರ ಜಿಲ್ಲೆ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಕಾಯಿಲೆಯಲ್ಲ, ಪೊರೆ ಬಿಡುವುದಕ್ಕೆ ಹಾಗನ್ನುತ್ತಾರೆ. ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಹಳೆ ಚರ್ಮ ಕಳಚುತ್ತದೆ. ಆ ಹೊತ್ತಿನಲ್ಲಿ ತಟ್ಟೆ ಅಲುಗಿಸಿದರೂ ನಮ್ಮತ್ತೆ ಬೈಯುತ್ತಿದ್ದರು. ಕೈ ತೊಳೆಯದೆ ಹುಳದ ಮನೆಗೆ ಕಾಲಿಡುವ ಹಾಗಿರಲಿಲ್ಲ. ಹುಳಕ್ಕೇ ಅಷ್ಟು ಮರ್ಯಾದೆ ಕೊಟ್ಟೆವು. ನಿಮ್ಮ ಮುಖ ಹುಳಕ್ಕಿಂತ ಕಡೆಯಾ? ಹಿಸುಕಿದರೆ ಕೀವು ಹೊರಗೆ ಬಂದಷ್ಟೇ ಒಳಕ್ಕೂ ಹೋಗುತ್ತದೆ. ಊತ ಹೆಚ್ಚುತ್ತದೆ, ಗುಳಿ ಬೀಳುತ್ತದೆ. ಆ ಗುಳಿ ಮದುವೆಯಾದ ಮೇಲೂ ಇರುತ್ತದೆ.

ಮೊಡವೆ ಕೊಳೆಯಿಂದ ಬರುವುದಲ್ಲ, ಮೊದಲು ಅದನ್ನು ತಿಳಿದುಕೊಳ್ಳಿ. ಹರೆಯ ಶುರುವಾದರೆ ಹಾರ್ಮೋನು ಏರುತ್ತದೆ, ಚರ್ಮದೊಳಗಿನ ಗ್ರಂಥಿ ಜಾಸ್ತಿ ಜಿಡ್ಡು ಬಿಡುತ್ತದೆ. ಆ ಜಿಡ್ಡಿಗೆ ಸತ್ತ ಚರ್ಮ ಸೇರಿ ಕೂದಲ ಬುಡದ ರಂಧ್ರ ಮುಚ್ಚಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಕೆಂಪಗೆ ಊದಿಕೊಳ್ಳುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆ ಅಲ್ಲ, ಗಾಳಿ ತಗುಲಿ ಕಪ್ಪಾದದ್ದು. ಹಾಗಾಗಿ ದಿನಕ್ಕೆ ಆರು ಸಲ ತಿಕ್ಕಿ ತೊಳೆದರೆ ಏನೂ ಪ್ರಯೋಜನ ಇಲ್ಲ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಆಟ ಆಡಿ ಬೆವೆತು ಬಂದರೆ ಇನ್ನೊಂದು ಸಲ. ಅಷ್ಟೇ.

ನೀರು ಉಗುರುಬೆಚ್ಚಗಿರಲಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸ್ನಾನದ ಸೋಪು ನೊರೆ ಬರುವುದಿಲ್ಲ, ಮುಖದ ಮೇಲೆ ಬೆಳ್ಳಗೆ ಪೊರೆ ಉಳಿಯುತ್ತದೆ. ಬಿಂದಿಗೆ ಒಳಗೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ಹಾಗೆ. ಅದಕ್ಕೇ ವಾಸನೆ ಇಲ್ಲದ, ಹದವಾದ ಫೇಸ್‌ವಾಷ್ ಒಂದಿಷ್ಟು ಬೆರಳ ತುದಿಗೆ ತಗೊಂಡು ಚೆನ್ನಾಗಿ ತೊಳೆಯಿರಿ. ಕಡಲೆಹಿಟ್ಟು ಹಾಕುವವರು ನುಣ್ಣಗೆ ಸೋಸಿ ಹಾಕಿ, ಆದರೆ ಉಜ್ಜಬೇಡಿ. ಊದಿದ ಮೊಡವೆ ಮೇಲೆ ತರಿ ಹಿಟ್ಟು ಉಜ್ಜುವುದೂ ಒಂದೇ, ಉಗುರು ಹಾಕುವುದೂ ಒಂದೇ.

ಈಗ ನನ್ನ ಗವಸಿನ ವಿಷಯ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಎಲ್ಲರೂ ಮುಖಕ್ಕೆ ಏನು ಹಚ್ಚಲಿ ಅಂತ ಕೇಳುತ್ತಾರೆ. ಮುಖಕ್ಕೆ ಏನು ತಗಲುತ್ತಿದೆ ಅಂತ ಯಾರೂ ನೋಡುವುದಿಲ್ಲ. ರಾತ್ರಿಯಿಡೀ ಕೆನ್ನೆ ಎಲ್ಲಿರುತ್ತದೆ? ದಿಂಬಿನ ಮೇಲೆ. ಆ ದಿಂಬಿಗೆ ತಲೆ ಎಣ್ಣೆ ಕುಡಿದು ಕುಡಿದು ಹಳದಿಯಾದ ಗವಸು!

ನಮ್ಮ ಮನೆಯವರ ಹಳೆಯ ಬಿಳಿ ಪಂಚೆ, ನೂರು ಸಲ ಒಗೆದು ಮೆತ್ತಗಾದದ್ದು, ಅದೇ ಆಗಬೇಕು. ಹೊಸ ಬಟ್ಟೆ ಬೇಡ, ಅದರಲ್ಲಿ ಗಂಜಿ ಇರುತ್ತದೆ. ಬಣ್ಣದ್ದೂ ಬೇಡ, ಕಾರಣ ಆಮೇಲೆ ಹೇಳುತ್ತೇನೆ. ಏಳು ಗವಸು ಹೊಲಿಯಿರಿ, ದಿನಕ್ಕೊಂದು. ಹೊಲಿಗೆಯ ಅಂಚು ಹೊರಗೆ ಪಕ್ಕಕ್ಕೆ ಬರಲಿ, ಕೆನ್ನೆ ಇಡುವ ಜಾಗದಲ್ಲಿ ಗಂಟು ಇರಬಾರದು. ಮಿಕ್ಕ ತುಂಡಿನಲ್ಲಿ ಒಂದೊಂದು ಗೇಣು ಅಗಲದ ಚೌಕ ಹರಿದಿಟ್ಟುಕೊಳ್ಳಿ, ಮುಖ ಒರೆಸುವುದಕ್ಕೆ. ಒರೆಸುವುದು ಅಂದೆನಾ? ಒರೆಸಬಾರದು. ಬಟ್ಟೆ ಮುಖದ ಮೇಲಿಟ್ಟು ಅಂಗೈಯಲ್ಲಿ ಒತ್ತಿ, ತೆಗೆಯಿರಿ. ಮನೆಮಂದಿಯೆಲ್ಲ ಬಳಸುವ ಒರಟು ಟವೆಲ್‌ನಲ್ಲಿ ಗಸಗಸ ಉಜ್ಜಿದರೆ ಊದಿದ್ದು ಇನ್ನೂ ಊದುತ್ತದೆ.

ಒಗೆಯುವುದನ್ನೂ ಕೇಳಿ. ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಒಂದು ಗಂಟೆ ನೆನೆಸಿ. ಕುಕ್ಕಿ, ಹಿಂಡಿ, ಮೂರು ನೀರು ಜಾಲಿಸಿ. ಕೈಗೆ ಜಾರುವುದು ನಿಲ್ಲಬೇಕು. ಘಮಘಮ ಬರಲೆಂದು ಕೊನೆಗೆ ಹಾಕುತ್ತಾರಲ್ಲ, ಆ ದ್ರವ ಹಾಕಬೇಡಿ. ಬಿಸಿಲಲ್ಲಿ ಗರಿಗರಿ ಒಣಗಿದ ಮೇಲೆ ಒಂದು ತೊಟ್ಟು ನೀರು ಬಿಟ್ಟು ನೋಡಿ. ಥಟ್ಟನೆ ಹೀರಿಕೊಂಡರೆ ಎಣ್ಣೆ ಹೋಗಿದೆ. ಮಣಿಯ ಹಾಗೆ ಮೇಲೇ ಕೂತರೆ ಎಣ್ಣೆ ಇನ್ನೂ ಇದೆ, ಮತ್ತೆ ಒಗೆಯಿರಿ. ನನ್ನ ಸೊಸೆ ಇದನ್ನು ಮೊದಲ ಸಲ ನೋಡಿದಾಗ ಮನೆಯ ಗವಸೆಲ್ಲ ತಂದು ತೊಟ್ಟು ಬಿಟ್ಟಳು. ನಾಲ್ಕರಲ್ಲಿ ಮೂರರ ಮೇಲೆ ಮಣಿ ನಿಂತಿತು.

ಬಿಸಿನೀರು ಅಂದೆ ಅಂತ ರೇಷ್ಮೆ ಸೀರೆಯನ್ನೂ ಅದಕ್ಕೆ ಅದ್ದೀರಿ ಜೋಕೆ! ಗೂಡನ್ನು ಬಿಸಿನೀರಿಗೆ ಹಾಕಿಯೇ ನೂಲು ಬಿಚ್ಚುವುದು, ಹಾಗಿರುವಾಗ ಸೀರೆಗೆ ಯಾಕೆ ಆ ಕಾಟ? ತಣ್ಣೀರು, ಅಂಟುವಾಳದ ನೊರೆ, ಹಿಂಡದೆ ನೆರಳಲ್ಲಿ ಒಣಹಾಕುವುದು. ಇರಲಿ.

ತಲೆಗೆ ಎಣ್ಣೆ ಹಚ್ಚಬೇಡಿ ಅಂತ ನಾನು ಹೇಳುವುದಿಲ್ಲ. ಸೋರುವಷ್ಟು ಹಚ್ಚಿ, ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸಬೇಡಿ. ಬೆವರಿನ ಜೊತೆ ಹಣೆಗೆ ಇಳಿದು ಕೂದಲಂಚಿನ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಭಾನುವಾರ ಹಚ್ಚಿ, ಅವತ್ತೇ ತಲೆಗೆ ಸ್ನಾನ ಮಾಡಿಸಿ.

ಊಟದ ವಿಷಯದಲ್ಲಿ ಸುಮ್ನೆ ಮಾವಿನಹಣ್ಣನ್ನು ಬೈಯುತ್ತಾರೆ. ಶ್ರೀನಿವಾಸಪುರದ ಹಣ್ಣು ಬಂದಾಗ ಮಗುವಿನ ಕೈ ತಡೆದು, ದಿನಾ ಸಂಜೆ ಬೇಕರಿ ಪಫ್ಸು, ಕೂಲ್ ಡ್ರಿಂಕ್ಸು ಕೊಡಿಸುತ್ತಾರೆ. ಸಕ್ಕರೆ, ಮೈದಾ ಜಾಸ್ತಿಯಾದರೆ ಕೆಲವರಿಗೆ ಮೊಡವೆ ಹೆಚ್ಚುತ್ತದೆ. ಮೊದಲು ಅದನ್ನು ತಡೆಯಿರಿ.

ಇಷ್ಟಕ್ಕೂ ಬಗ್ಗದಿದ್ದರೆ ಔಷಧಿ ಬೇಕು, ಗವಸು ಔಷಧಿ ಅಲ್ಲ. ಡಾಕ್ಟರು ಸಾಮಾನ್ಯವಾಗಿ ಬೆನ್ಝಾಯ್ಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಹಚ್ಚಲು ಕೊಡುತ್ತಾರೆ. ಬೆನ್ಝಾಯ್ಲ್ ತಗುಲಿದ ಬಣ್ಣದ ಬಟ್ಟೆ ಬಿಳಿಚಿಕೊಳ್ಳುತ್ತದೆ. ಬಿಳಿ ಪಂಚೆ ಅಂದದ್ದು ಅದಕ್ಕೇ. ಅಡಾಪಲೀನ್ ರಾತ್ರಿ, ಮುಖ ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಸೇರಿ ಬಟಾಣಿ ಕಾಳಿನಷ್ಟು. ಮೊದಮೊದಲು ಚರ್ಮ ಒಣಗಿ ಸುಲಿಯುತ್ತದೆ. ನಾಲ್ಕು ದಿನಕ್ಕೆ ಗುಣ ಇಲ್ಲ ಅಂತ ಬಿಡಬೇಡಿ, 8 ರಿಂದ 12 ವಾರ ಬೇಕು. ಹಗಲು ಬಿಸಿಲಿಗೆ ಹೋಗುವಾಗ ಜಿಡ್ಡಿಲ್ಲದ ಸನ್‌ಸ್ಕ್ರೀನ್ ಹಚ್ಚಿ.

ಒಂದು ವಿಷಯಕ್ಕೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ನಮ್ಮ ನೆಂಟರ ಹುಡುಗಿಗೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಒಂದು ಟ್ಯೂಬು ಕೊಟ್ಟರು. ಎರಡು ವಾರ ಮುಖ ಬೆಳ್ಳಗೆ ಹೊಳೆಯಿತು, ಮನೆಯವರೆಲ್ಲ ಹಿಗ್ಗಿದರು. ಬಿಟ್ಟ ಕೂಡಲೇ ಮುಖವೆಲ್ಲ ಕೆಂಡ, ಮೊದಲಿಗಿಂತ ಎರಡರಷ್ಟು ಮೊಡವೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಬರೆದಿದ್ದರೆ ಮೊಡವೆಗೆ ಹಚ್ಚಲೇಬೇಡಿ. ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಕೂದಲೂ ಬರುತ್ತದೆ. ಆಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿ ನಿಲ್ಲಿಸಬೇಡಿ, ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ದೊಡ್ಡ ನೋವಿನ ಗಂಟು, ಗುಳಿ ಬೀಳುವುದು, ಬೆನ್ನು ಎದೆಗೂ ಹರಡುವುದು, ಇವಕ್ಕೆ ಕಾಯಬೇಡಿ. ಹೆಣ್ಣುಮಕ್ಕಳಿಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದು, ಗದ್ದದಲ್ಲಿ ದಪ್ಪ ಕೂದಲು ಬರುತ್ತಿದ್ದರೆ ಅದನ್ನೂ ನಾಚದೆ ಹೇಳಿ. ಮಗು ಮುಖ ತೋರಿಸಲು ಹೆದರಿ ಸ್ಕೂಲಿಗೇ ಹೋಗುವುದಿಲ್ಲ ಅಂದರೂ ಕರೆದುಕೊಂಡು ಹೋಗಿ. 'ವಯಸ್ಸಿಗೆ ಬಂದಿದೆ, ತಾನಾಗಿ ಹೋಗುತ್ತದೆ' ಅಂತ ಕೈ ಕೊಡವಬೇಡಿ. ಹೋಗುವಾಗ ಇಷ್ಟು ದಿನ ಹಚ್ಚಿದ ಟ್ಯೂಬು, ಡಬ್ಬಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಒಂದನ್ನೂ ಮುಚ್ಚಿಡಬೇಡಿ.