‘ಬಿಸಿನೀರು ಬರ್ತಿಲ್ಲ ಸಾರ್’: ನಮ್ಮ ವೆಬ್‌ಸೈಟ್ ಬರೆದ ಬಗೆ

ಬೆಂಗಳೂರಿನ ವಿಜಯನಗರ, ನಾಗರಬಾವಿ, ರಾಜಾಜಿನಗರದ ಕಡೆ ಸೋಲಾರ್ ವಾಟರ್ ಹೀಟರ್ ರಿಪೇರಿ ಮಾಡುವುದು ನನ್ನ ಕಸುಬು. ನಾನು, ಜೊತೆಗೆ ಇಬ್ಬರು ಹುಡುಗರು, ಒಂದು ಗೂಡ್ಸ್ ಆಟೊ. ಇಷ್ಟು ಸಣ್ಣ ಕೆಲಸಕ್ಕೆ ಬರಹಗಾರರನ್ನು ಹಿಡಿಯುವುದು ಯಾಕೆ ಅಂತ ವೆಬ್‌ಸೈಟಿನ ಮಾತನ್ನೆಲ್ಲ ನಾನೇ ಬರೆದೆ. ಬೇರೆ ಕಂಪನಿಗಳ ಸೈಟ್ ತಿರುವಿ ನೋಡಲಿಲ್ಲ. ವಾಟ್ಸಾಪ್ ತೆರೆದು ಗಿರಾಕಿಗಳು ಕಳಿಸಿದ ಮೆಸೇಜುಗಳನ್ನು ಓದುತ್ತಾ ಕೂತೆ.

‘ಬಿಸಿನೀರು ಬರ್ತಿಲ್ಲ.’ ‘ಬೆಳಿಗ್ಗೆ ಬಿಸಿ ಇರುತ್ತೆ, ಒಂದು ಬಕೆಟ್ ಆದಮೇಲೆ ತಣ್ಣಗೆ.’ ‘ಟೆರೇಸ್ ಮೇಲೆ ನೀರು ಸೋರ್ತಿದೆ.’ ‘ನಲ್ಲಿ ತಿರುಗಿಸಿದ್ರೆ ಬಿಸಿನೀರು ಸಣ್ಣಗೆ ಬರುತ್ತೆ.’ ಸುತ್ತಿ ಬಳಸಿ ಇವೇ ನಾಲ್ಕೈದು ದೂರು. ಪುಟದ ಶೀರ್ಷಿಕೆಗಳಾಗಿ ಇವನ್ನೇ ಇಟ್ಟೆ, ಒಂದಕ್ಷರವನ್ನೂ ತಿದ್ದಲಿಲ್ಲ. ‘ಸಮಗ್ರ ಸೌರಶಕ್ತಿ ಪರಿಹಾರಗಳು’ ಅಂತ ಹುಡುಕುವವರನ್ನು ನಾನಂತೂ ಕಂಡಿಲ್ಲ.

ಒಂದೊಂದು ದೂರಿನ ಕೆಳಗೂ ಯಾಕೆ ಹೀಗಾಗುತ್ತದೆ, ನೀವೇ ಏನು ನೋಡಬಹುದು, ನಾವು ಬಂದರೆ ಏನು ಮಾಡುತ್ತೇವೆ ಅಂತ ಬರೆದೆ. ನಡುವಿನದರ ಮೇಲೇ ನನಗೆ ಹೆಚ್ಚು ನಂಬಿಕೆ. ಒಂದು ಕಡೆ ಹೀಗಿದೆ: ‘ಗಾಜಿನ ಟ್ಯೂಬುಗಳ ಕೆಳತುದಿ ನೋಡಿ. ಕನ್ನಡಿಯ ಹಾಗೆ ಬೆಳ್ಳಿ ಬಣ್ಣ ಇದ್ದರೆ ಟ್ಯೂಬ್ ಸರಿಯಿದೆ. ಅದು ಹಾಲಿನಂತೆ ಬಿಳಿಯಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಆ ಟ್ಯೂಬ್ ಇನ್ನು ಶಾಖ ಹಿಡಿದಿಡುವುದಿಲ್ಲ. ಎಷ್ಟು ಟ್ಯೂಬ್ ಹಾಗಿವೆ ಅಂತ ಎಣಿಸಿ ಹೇಳಿ.’

‘ಗುಟ್ಟು ಬಿಟ್ಟುಕೊಟ್ಟರೆ ಯಾರು ಕರೀತಾರೆ?’ ಅಂತ ನಮ್ಮ ಹುಡುಗ ಕೇಳಿದ. ಕರೆಯುವುದೇನೂ ನಿಂತಿಲ್ಲ. ಎಣಿಸಿದವರು ಟ್ಯೂಬಿನ ಫೋಟೊ ಸಮೇತ ಮೆಸೇಜ್ ಮಾಡುತ್ತಾರೆ, ನಾವು ಬೇಕಾದಷ್ಟು ಟ್ಯೂಬ್ ಹೇರಿಕೊಂಡೇ ಹೊರಡುತ್ತೇವೆ. ಒಂದೇ ಓಡಾಟಕ್ಕೆ ಕೆಲಸ ಮುಗಿಯುತ್ತದೆ.

ಸುಣ್ಣದ ವಿಷಯವನ್ನೂ ಬಿಡಿಸಿ ಬರೆದೆ. ಬೋರ್‌ವೆಲ್ ನೀರು ಕಾದಂತೆಲ್ಲ ಅದರಲ್ಲಿನ ಕ್ಯಾಲ್ಸಿಯಂ ಬಿಳಿ ಪದರವಾಗಿ ಕೂರುತ್ತದೆ. ಫ್ಲಾಟ್ ಪ್ಲೇಟ್ ಹೀಟರಿನ (ಗಾಜಿನ ಟ್ಯೂಬಿನ ಬದಲು ಚಪ್ಪಟೆ ಫಲಕ ಇರುವಂಥದ್ದು) ಸಣ್ಣ ತಾಮ್ರದ ಕೊಳವೆಗಳು ಕಟ್ಟಿಕೊಳ್ಳುವುದು ಇದರಿಂದಲೇ. ಕಾವೇರಿ ನೀರು ಮಾತ್ರ ಬಳಸುವ ಮನೆಗೆ ಈ ಕಾಟ ಕಡಿಮೆ. ಹಾಗಾಗಿ ‘ವರ್ಷಕ್ಕೊಮ್ಮೆ ಸರ್ವಿಸ್ ಕಡ್ಡಾಯ’ ಅಂತ ಎಲ್ಲರಿಗೂ ಹೇಳಲು ನನಗೆ ಮನಸ್ಸು ಬರಲಿಲ್ಲ. ‘ನಿಮ್ಮದು ಬೋರ್ ನೀರೋ ಕಾವೇರಿಯೋ?’ ಅಂತ ಮೊದಲು ಕೇಳಿ, ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಇಲ್ಲಿ ಹಾಕಿದ ಫೋಟೊ ಟ್ಯಾಂಕಿನಿಂದ ಕೆರೆದು ಬಕೆಟಿಗೆ ತುಂಬಿದ ಸುಣ್ಣದ ಚಕ್ಕೆಗಳದ್ದು. ಸೂಟು ತೊಟ್ಟು ನಗುವವರ ರೆಡಿಮೇಡ್ ಫೋಟೊಗಳಿಗೆ ನಮ್ಮ ಪುಟದಲ್ಲಿ ಜಾಗ ಇಲ್ಲ.

ಮಳೆಗಾಲದ್ದೇ ಬೇರೆ ಕಥೆ. ಜುಲೈ, ಆಗಸ್ಟ್‌ನಲ್ಲಿ ಮೋಡ ಕಟ್ಟಿತೆಂದರೆ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ, ಎಷ್ಟೋ ಕಡೆ ಹೀಟರಿನಲ್ಲಿ ದೋಷವೇ ಇರುವುದಿಲ್ಲ. ಅದಕ್ಕೆ ಜೂನ್ ಬಂತೆಂದರೆ ಮುಖಪುಟದ ಮೇಲ್ತುದಿಯಲ್ಲಿ ಈ ಸಾಲು ಬರುತ್ತದೆ: ‘ಎರಡು ಮೂರು ದಿನ ಬಿಸಿಲಿಲ್ಲದಿದ್ದರೆ ನೀರು ತಣ್ಣಗಿರುವುದು ಸಹಜ. ಕರೆಂಟಿನ ಬ್ಯಾಕಪ್ ಕಾಯಿಲ್ ಇದ್ದರೆ ಅದರ ಸ್ವಿಚ್ ಹಾಕಿ. ಚೆನ್ನಾಗಿ ಬಿಸಿಲು ಬಂದ ಮಾರನೇ ದಿನವೂ ಬಿಸಿಯಾಗದಿದ್ದರೆ ಕರೆ ಮಾಡಿ.’ ಬೇಡದ ಕರೆ ಕಡಿಮೆಯಾದವು. ‘ಸುಮ್ಮನೆ ಕರೀಬೇಡಿ ಅಂತ ನೀವೇ ಅಂದ್ರಲ್ಲ, ಅದಕ್ಕೇ ಈಗ ನಿಮ್ಮನ್ನೇ ಕರೆದೆ’ ಅಂದವರೂ ಇದ್ದಾರೆ.

ಮಾಡದ ಕೆಲಸಗಳಿಗೂ ಒಂದು ಜಾಗ ಕೊಟ್ಟೆ. 2024ರ ಫೆಬ್ರುವರಿಯಲ್ಲಿ ಮನೆ ಚಾವಣಿಗೆ ವಿದ್ಯುತ್ ಪ್ಯಾನೆಲ್ ಹಾಕಿಸಲು ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ ಬಂದಮೇಲೆ ‘ಸೋಲಾರ್’ ಅಂದರೆ ಕರೆಂಟಿನ ಪ್ಯಾನೆಲ್ ಅಂದುಕೊಂಡು ಸಬ್ಸಿಡಿ ಕೇಳುವವರು ಬಹಳ. ‘ನಾವು ವಿದ್ಯುತ್ ಪ್ಯಾನೆಲ್ ಹಾಕುವುದಿಲ್ಲ, ನೀರು ಕಾಯಿಸುವ ಸೋಲಾರ್ ಮಾತ್ರ’ ಅಂತ ದಪ್ಪಕ್ಷರದಲ್ಲಿದೆ. ‘ವಾರಂಟಿ ಇನ್ನೂ ಇದ್ದರೆ ಮೊದಲು ಕಂಪನಿಗೇ ಫೋನ್ ಮಾಡಿ’ ಅಂತಲೂ ಇದೆ.

ದರದ ಬಗ್ಗೆ ಮನೆಯಲ್ಲೇ ಜಗಳ. ರೇಟು ಬರೆದರೆ ಪಕ್ಕದವನು ಹತ್ತು ರೂಪಾಯಿ ಇಳಿಸುತ್ತಾನೆ ಅನ್ನುವುದು ತಮ್ಮನ ವಾದ. ಇಳಿಸಲಿ. ಬಂದು ನೋಡುವ ಶುಲ್ಕ, ಕೂಲಿ, ಬಿಡಿಭಾಗ ಮೂರನ್ನೂ ಬೇರೆ ಬೇರೆ ಬರೆದೆ, ಕೆಲಸ ಕೊಟ್ಟರೆ ಮೊದಲನೆಯದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ ಅಂತಲೂ ಸೇರಿಸಿದೆ. ‘ಬದಲಿಸಿದ ಹಳೇ ಭಾಗವನ್ನು ನಿಮ್ಮ ಕೈಗೇ ಕೊಡುತ್ತೇವೆ’ ಅನ್ನುವ ಸಾಲು ಚರ್ಚೆಯಿಲ್ಲದೆ ಒಳಗೆ ಬಂತು. ಇದನ್ನು ಓದಿ ಕರೆ ಮಾಡುವವರಲ್ಲಿ ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳೂ ಇದ್ದಾರೆ. ರಾಜಾಜಿನಗರದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಟೆರೇಸ್ ಹತ್ತಿ ನೋಡಲು ಅವರಿಗಾಗದು. ದೂರದಲ್ಲಿರುವ ಆ ಮಕ್ಕಳಿಗಾಗಿ ‘ಕೆಲಸಕ್ಕೆ ಮುಂಚೆ, ಆಮೇಲೆ ಫೋಟೊ ಕಳಿಸುತ್ತೇವೆ. ಬರುವವರ ಹೆಸರು, ಫೋಟೊ ಮೊದಲೇ ಕಳಿಸುತ್ತೇವೆ’ ಅಂತ ಬರೆದೆ. ‘ನಂಬಿಕಸ್ಥ ಸೇವೆ’ ಅನ್ನುವ ಮಾತು ಎಲ್ಲೂ ಬಳಸಿಲ್ಲ.

ತಾಂತ್ರಿಕವಾಗಿ ನೋಡಿಕೊಂಡದ್ದು ಕೆಲವೇ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು, ನುಡಿ ತಂತ್ರಾಂಶದ ಹಳೇ ಫೈಲಿನ ಆನ್ಸಿ ಅಕ್ಷರ (ಆ ಫಾಂಟ್ ಇದ್ದರಷ್ಟೇ ಓದಲಾಗುವಂಥದ್ದು) ಅಂಟಿಸಿದರೆ ಮೊಬೈಲಿನಲ್ಲಿ ಬರೀ ಗೋಜಲು. ಸಾಲುಗಳ ನಡುವೆ ಅಂತರ ಸಾಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ನಾನು ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಇಟ್ಟೆ. ಗೂಗಲ್‌ನಲ್ಲಿ ಕಾಣುವ ಶೀರ್ಷಿಕೆ ಉದ್ದವಾದರೆ ಕತ್ತರಿಸಿಹೋಗುತ್ತದೆ, ಆದ್ದರಿಂದ ಕೆಲಸ, ಬಡಾವಣೆ ಮೊದಲು, ನಮ್ಮ ಹೆಸರು ಕೊನೆಗೆ. ಇಂಗ್ಲಿಷ್ ಪುಟವೂ ಇದೆ, ಬಾಡಿಗೆದಾರರಲ್ಲಿ ಕನ್ನಡ ಓದಲು ಬಾರದವರು ಸಾಕಷ್ಟಿದ್ದಾರೆ.

ಪುಟದ ಕೊನೆಗೆ ವಾಟ್ಸಾಪ್ ಬಟನ್. ಒತ್ತಿದರೆ ಮೆಸೇಜ್ ಅರ್ಧ ತಯಾರಾಗಿಯೇ ತೆರೆಯುತ್ತದೆ: ‘ಬಡಾವಣೆ: … ಎಷ್ಟು ಲೀಟರ್: … ಟ್ಯೂಬೋ ಪ್ಲೇಟೋ: … ಬೋರ್ ನೀರೋ ಕಾವೇರಿಯೋ: … ತೊಂದರೆ: …’ ಎಷ್ಟು ಲೀಟರ್ ಅನ್ನುವುದನ್ನು ಬಹಳ ಜನ ಖಾಲಿ ಬಿಡುತ್ತಾರೆ, ಟ್ಯಾಂಕಿನ ಫೋಟೊ ಕಳಿಸಿದರೆ ನಾವೇ ಅಂದಾಜು ಮಾಡಿಕೊಳ್ಳುತ್ತೇವೆ.