ಪೆಟ್ರೋಲ್ ಕಾರಿಗೆ ಗ್ಯಾಸ್: ಕಿಟ್‌ಗಿಂತ ಮೊದಲು ಕಾಗದ

ಮಂಡ್ಯದಿಂದ ಮೈಸೂರಿಗೆ ದಿನಾ ಸ್ವಂತ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬಂದರೆ ತಿಂಗಳಿಗೆ 2,000 ಕಿ.ಮೀ. ದಾಟುತ್ತದೆ. ಹೀಗೆ ಓಡಾಡುವವರು ‘ಗ್ಯಾಸ್ ಹಾಕಿಸಿಬಿಡೋಣ’, ಅಂದರೆ ಪೆಟ್ರೋಲ್ ಕಾರು ಎಲ್‌ಪಿಜಿಯಲ್ಲೂ ಓಡುವಂತೆ ಕಿಟ್ ಹಾಕಿಸೋಣ ಎಂದು ಯೋಚಿಸುವುದು ಸಹಜ. ಸರಿಯಾಗಿ ಮಾಡಿಸಿದರೆ ಅದು ಒಳ್ಳೆಯ ಯೋಚನೆಯೇ. ಆದರೆ ನೇರ ಗ್ಯಾರೇಜಿಗೆ ಹೋಗಿ ‘ಯಾವುದಾದರೂ ಒಂದು ಕಿಟ್ ಹಾಕು’ ಎಂದರೆ ದುಡ್ಡೂ ಹೋಗುತ್ತದೆ, ಡಿಕ್ಕಿಯಲ್ಲಿ ಅಪಾಯವನ್ನು ಹೊತ್ತುಕೊಂಡು ತಿರುಗಿದಂತೆಯೂ ಆಗುತ್ತದೆ. ಲೆಕ್ಕ ಮೊದಲು, ಅನುಮತಿ ಆಮೇಲೆ, ಸ್ಪ್ಯಾನರ್ ಕೊನೆಗೆ. ಈ ಕ್ರಮ ತಪ್ಪಿಸಬೇಡಿ.

ಲೆಕ್ಕ ಹಾಕಿ

ಒಂದು ಲೀಟರ್ ಎಲ್‌ಪಿಜಿಯಲ್ಲಿ ಒಂದು ಲೀಟರ್ ಪೆಟ್ರೋಲ್‌ನಷ್ಟು ಶಕ್ತಿ ಇರುವುದಿಲ್ಲ. ಹಾಗಾಗಿ ಮೈಲೇಜ್ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ ಎಂದೇ ಹಿಡಿಯಿರಿ. ಪೆಟ್ರೋಲ್ ಲೀಟರಿಗೆ ₹100, ಕಾರು 15 ಕಿ.ಮೀ. ಕೊಡುತ್ತದೆ ಎಂದುಕೊಳ್ಳೋಣ: ಕಿ.ಮೀ.ಗೆ ₹6.67 ಖರ್ಚು. ಗ್ಯಾಸ್ ಲೀಟರಿಗೆ ₹65, ಮೈಲೇಜ್ 12 ಆದರೆ ₹5.42. ಉಳಿಯುವುದು ಕಿ.ಮೀ.ಗೆ ಒಂದೂಕಾಲು ರೂಪಾಯಿ. ಕಿಟ್, ಟ್ಯಾಂಕ್, ಫಿಟ್ಟಿಂಗ್ ಸೇರಿ ₹40,000 ಆಯಿತೆಂದರೆ, ಹಾಕಿದ ಹಣ ಹುಟ್ಟಲು 32,000 ಕಿ.ಮೀ. ಓಡಬೇಕು. ತಿಂಗಳಿಗೆ 2,250 ಕಿ.ಮೀ. ಓಡಿಸುವವರಿಗೆ ಇದು ಹದಿನಾಲ್ಕು ತಿಂಗಳ ಮಾತು. ವಾರಕ್ಕೊಮ್ಮೆ ನಂಜನಗೂಡಿಗೋ ಚಾಮುಂಡಿ ಬೆಟ್ಟಕ್ಕೋ ಹೋಗಿ, ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಐದು ವರ್ಷಕ್ಕೂ ಹೆಚ್ಚು. ಅಂಥವರಿಗೆ ನನ್ನ ಸಲಹೆ, ಬೇಡ.

ಮೇಲಿನ ದರಗಳು ಲೆಕ್ಕ ತೋರಿಸಲು ಮಾತ್ರ. ಬಂಕ್‌ನ ಬೋರ್ಡಿನಲ್ಲಿರುವ ಆ ದಿನದ ದರ, ಫಿಟ್ಟರ್ ಬರೆದುಕೊಟ್ಟ ಮೊತ್ತ, ನಿಮ್ಮ ಕಾರಿನ ನಿಜವಾದ ಮೈಲೇಜ್ ಹಾಕಿ ನೋಡಿ. ಹಾಗೆಯೇ ಮನೆಯಿಂದ ಆಟೊ ಎಲ್‌ಪಿಜಿ ಬಂಕ್ ಎಷ್ಟು ದೂರ ಎಂಬುದನ್ನೂ ನೋಡಿ. ಕೆ.ಆರ್. ಪೇಟೆ, ಎಚ್.ಡಿ. ಕೋಟೆ ಕಡೆಯವರು ಇದನ್ನು ಮೊದಲೇ ವಿಚಾರಿಸಬೇಕು. ಗ್ಯಾಸ್ ತುಂಬಿಸಲೆಂದೇ ಇಪ್ಪತ್ತು ಕಿ.ಮೀ. ಹೋಗುವಂತಿದ್ದರೆ ಉಳಿತಾಯ ದಾರಿಯಲ್ಲೇ ಮುಗಿದುಹೋಗುತ್ತದೆ.

ಎಂಜಿನ್ ಗಟ್ಟಿ ಇದೆಯೇ?

ಆಯಿಲ್ ಕುಡಿಯುವ, ಬಿಸಿಯೇರುವ ಎಂಜಿನ್‌ಗೆ ಗ್ಯಾಸ್ ಹಾಕಿಸಿದರೆ ಅದು ಸರಿಹೋಗುವುದಿಲ್ಲ, ಇನ್ನೂ ಹಾಳಾಗುತ್ತದೆ. ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್‌ಗಳಲ್ಲಿ ಒತ್ತಡ ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡುವುದು) ಮಾಡಿಸಿ, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಿಸಿ, ರೇಡಿಯೇಟರ್ ಹೋಸ್‌ಗಳನ್ನು ನೋಡಿಸಿ. ವಾರಂಟಿ ಇರುವ ಹೊಸ ಕಾರಾದರೆ ಕಂಪನಿಯ ಷರತ್ತುಗಳನ್ನು ಓದಿ. ಹೊರಗಿನ ಕಿಟ್ ಹಾಕಿಸಿದರೆ ವಾರಂಟಿ ಬಿದ್ದುಹೋಗಬಹುದು. ಬಿಎಸ್-6 (ಈಚಿನ ಹೊಗೆ ನಿಯಮಕ್ಕೆ ತಕ್ಕಂತೆ ತಯಾರಾದ) ಪೆಟ್ರೋಲ್ ಕಾರುಗಳಿಗೂ ಕಿಟ್ ಅಳವಡಿಸಲು 2022ರಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದೆ, ಆದರೆ ಆ ಕಾರುಗಳಿಗೆಂದೇ ಅನುಮೋದನೆ ಪಡೆದ ಕಿಟ್ ಆಗಿರಬೇಕು.

ಕಿಟ್ ಆರಿಸುವಾಗ

ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಿಗೆ ಮಿಕ್ಸರ್ (ಒಳಹೋಗುವ ಗಾಳಿಗೆ ಗ್ಯಾಸ್ ಬೆರೆಸುವ ಭಾಗ) ಇರುವ ಸರಳ ಕಿಟ್ ಸಾಕು. ಎಂಪಿಎಫ್‌ಐ ಕಾರುಗಳಿಗೆ, ಅಂದರೆ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಕಾರುಗಳಿಗೆ, ಸೀಕ್ವೆನ್ಷಿಯಲ್ ಕಿಟ್ ಹಾಕಿಸಿ. ಇದರಲ್ಲಿ ಪ್ರತಿ ಸಿಲಿಂಡರ್‌ಗೂ ಬೇರೆ ಗ್ಯಾಸ್ ಇಂಜೆಕ್ಟರ್, ಅವನ್ನು ಆಡಿಸಲು ಬೇರೆ ಇಸಿಯು (ಪುಟ್ಟ ಕಂಪ್ಯೂಟರ್) ಇರುತ್ತದೆ. ಬೆಲೆ ಜಾಸ್ತಿ. ಆದರೆ ಮಿಕ್ಸರ್ ಎಂಜಿನ್ನಿನ ಬಾಯಲ್ಲೇ ಕೂತು ಗಾಳಿಯ ಜಾಗವನ್ನು ತಿನ್ನುತ್ತದೆ, ಪಿಕಪ್ ಇಳಿಯುತ್ತದೆ, ಬ್ಯಾಕ್‌ಫೈರ್ (ಗ್ಯಾಸ್ ಗಾಳಿಯ ದಾರಿಯಲ್ಲೇ ಹೊತ್ತಿ ಸಿಡಿಯುವುದು) ಆಗುವ ಸಾಧ್ಯತೆಯೂ ಹೆಚ್ಚು. ಇಲ್ಲಿ ಚೌಕಾಸಿ ಮಾಡಬೇಡಿ.

ಕಿಟ್‌ನ ಟೈಪ್ ಅಪ್ರೂವಲ್ ಪ್ರಮಾಣಪತ್ರ, ಅಂದರೆ ಆ ಮಾದರಿ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಪತ್ರ, ಕೇಳಿ. ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆಗಳು ಇದನ್ನು ಕೊಡುತ್ತವೆ. ನಿಮ್ಮ ಕಾರಿನ ಮಾದರಿ, ಎಂಜಿನ್ ಸಿಸಿ ಅದರ ವ್ಯಾಪ್ತಿಯಲ್ಲಿ ಬರುತ್ತವೆಯೇ ನೋಡಿ. ಟ್ಯಾಂಕ್ ಮೇಲೆ ಐಎಸ್ 14899 (ವಾಹನದ ಗ್ಯಾಸ್ ಟ್ಯಾಂಕಿನ ಭಾರತೀಯ ಗುಣಮಟ್ಟದ ಸಂಖ್ಯೆ) ಎಂಬ ಗುರುತು, ಕ್ರಮಸಂಖ್ಯೆ, ಪರೀಕ್ಷೆಯಾದ ದಿನಾಂಕ ಕೆತ್ತಿರಬೇಕು. ಆ ಸಂಖ್ಯೆಯೂ ಬಿಲ್‌ನಲ್ಲಿರುವ ಸಂಖ್ಯೆಯೂ ಒಂದೇ ಆಗಿರಲಿ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಆರ್‌ಟಿಒ ಅನುಮತಿ

ಇದನ್ನೇ ಹೆಚ್ಚಿನವರು ‘ಆಮೇಲೆ ನೋಡಿಕೊಳ್ಳೋಣ’ ಎಂದು ಬಿಡುವುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನದ ಇಂಧನ ಬದಲಾದರೆ ಅದು ಆರ್‌ಸಿಯಲ್ಲಿ ದಾಖಲಾಗಲೇಬೇಕು. ಕಿಟ್ ಹಾಕಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಅನುಮತಿ ಕೇಳಿ: ಕೆಎ-11 ಕಾರಾದರೆ ಮಂಡ್ಯ ಕಚೇರಿ, ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಮೊದಲು ಪಡೆಯಿರಿ. ಅದಿಲ್ಲದೆ ಫೈಲ್ ಮುಂದಕ್ಕೆ ಹೋಗದು.

ಫಿಟ್ಟಿಂಗ್ ಮುಗಿದ ಮೇಲೆ ಫಿಟ್ಟರ್ ಕೊಟ್ಟ ಅಳವಡಿಕೆ ಪ್ರಮಾಣಪತ್ರ, ಕಿಟ್ ಅನುಮೋದನೆಯ ಪ್ರತಿ, ಟ್ಯಾಂಕ್ ಪ್ರಮಾಣಪತ್ರ, ಬಿಲ್, ಇನ್ಶೂರೆನ್ಸ್, ಎಮಿಷನ್ ಪತ್ರ ಸೇರಿಸಿ ಕಾರನ್ನು ತಪಾಸಣೆಗೆ ಒಯ್ಯಬೇಕು. ನಮ್ಮೂರಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುತ್ತೇವಲ್ಲ, ಅವರು ಟ್ಯಾಂಕ್ ನಂಬರ್, ಚಾಸಿ ನಂಬರ್ ತಾಳೆ ನೋಡಿದ ಮೇಲೆ ಆರ್‌ಸಿಯಲ್ಲಿ ಇಂಧನ ‘ಪೆಟ್ರೋಲ್/ಎಲ್‌ಪಿಜಿ’ ಎಂದು ಬದಲಾಗುತ್ತದೆ. ಅನುಮತಿಯಿಲ್ಲದೆ ಬದಲಾಯಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಅದೇ ವಾರ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಪಾಲಿಸಿಯಲ್ಲಿ ಕಿಟ್ ಸೇರಿಸಿ. ಹೆಚ್ಚುವರಿ ಪ್ರೀಮಿಯಂ ದೊಡ್ಡ ಮೊತ್ತವೇನಲ್ಲ. ತಿಳಿಸದೆ ಇದ್ದು ಕಾರಿಗೆ ಬೆಂಕಿ ಬಿದ್ದರೆ ಕ್ಲೇಮ್ ತಿರಸ್ಕಾರವಾಗಬಹುದು.

ಅಳವಡಿಸುವಾಗ ನೀವೂ ಪಕ್ಕದಲ್ಲಿರಿ

ಟ್ಯಾಂಕ್ ಡಿಕ್ಕಿಯಲ್ಲಿ ಅಥವಾ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಕೂರುತ್ತದೆ. ಅದನ್ನು ಕಾರಿನ ಚೌಕಟ್ಟಿಗೆ ಪಟ್ಟಿ ಹಾಕಿ ಬೋಲ್ಟ್ ಮಾಡಬೇಕು, ತೆಳು ತಗಡಿಗಲ್ಲ. ಟ್ಯಾಂಕಿನ ವಾಲ್ವ್ ಮೇಲೆ ಗಾಳಿಯಾಡದ ಮುಚ್ಚಳವಿದ್ದು, ಅದರಿಂದ ಒಂದು ಹೋಸ್ ಕಾರಿನ ತಳದಿಂದ ಹೊರಕ್ಕೆ ಹೋಗಿರಬೇಕು. ಸೋರಿದ ಗ್ಯಾಸ್ ಒಳಗೆ ತುಂಬದೆ ಹೊರಗೆ ಹೋಗಲೆಂದೇ ಈ ಏರ್ಪಾಡು. ಇದನ್ನು ಬಿಟ್ಟು ಕೆಲಸ ಮುಗಿಸುವ ಫಿಟ್ಟರ್‌ನನ್ನು ನಂಬಬೇಡಿ.

ಟ್ಯಾಂಕಿನಿಂದ ದ್ರವರೂಪದಲ್ಲೇ ಬರುವ ಗ್ಯಾಸ್ ಎಂಜಿನ್ ಪಕ್ಕದ ವೇಪರೈಸರ್‌ನಲ್ಲಿ ಆವಿಯಾಗುತ್ತದೆ. ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನೆಲ್ಲ ಹೀರಿಕೊಳ್ಳುವುದರಿಂದ, ಬಿಸಿ ಸಿಗದಿದ್ದರೆ ವೇಪರೈಸರ್ ಹೆಪ್ಪುಗಟ್ಟುತ್ತದೆ. ಅದಕ್ಕೇ ಎಂಜಿನ್ನಿನ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಅದರ ಮೂಲಕ ಹರಿಯುವಂತೆ ಹೋಸ್ ಜೋಡಿಸುತ್ತಾರೆ, ಅದಕ್ಕೇ ಕಾರು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಎಂಜಿನ್ ಕಾದ ಮೇಲೆ ಗ್ಯಾಸಿಗೆ ಬದಲಾಗುತ್ತದೆ. ಹೋಸ್ ಕತ್ತರಿಸಿ ಜೋಡಿಸಿದ ಮೇಲೆ ಕೂಲೆಂಟ್ ತುಂಬಿ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ತೆಗೆದಿದ್ದಾರೆಯೇ ಎಂದು ಕೇಳಿ. ಮೊದಲ ವಾರದಲ್ಲೇ ಎಂಜಿನ್ ಬಿಸಿಯೇರಿದರೆ ಮೊದಲು ಇದನ್ನೇ ನೋಡಿಸಿ.

ಗ್ಯಾಸ್ ಪೈಪ್ ಸೈಲೆನ್ಸರ್ ಹತ್ತಿರ ಹಾದುಹೋಗಬಾರದು. ಎಂಜಿನ್ ನಿಂತ ಕ್ಷಣ ಗ್ಯಾಸ್ ವಾಲ್ವ್ ತಾನಾಗಿ ಮುಚ್ಚಬೇಕು. ಗ್ಯಾಸ್ ತುಂಬಿಸಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಬರುತ್ತದೆಯೇ ನಿಮ್ಮ ಕಣ್ಣಾರೆ ನೋಡಿ.

ತುಂಬಿಸುವಾಗ

ಟ್ಯಾಂಕ್ ಎಂದೂ ಪೂರ್ತಿ ತುಂಬಬಾರದು. ಬಿಸಿಲಿಗೆ ಹಿಗ್ಗುವ ದ್ರವಕ್ಕೆ ಜಾಗ ಬೇಕು. ಅದಕ್ಕಾಗಿ ಶೇ 80 ಆಗುತ್ತಿದ್ದಂತೆ ವಾಲ್ವ್ ತಾನೇ ನಿಲ್ಲಿಸುತ್ತದೆ. 40 ಲೀಟರ್ ಟ್ಯಾಂಕಿಗೆ 32 ಲೀಟರ್ ಮಾತ್ರ. ಬಂಕ್ ಮೀಟರ್ 36 ತೋರಿಸಿದರೆ ಖುಷಿಪಡಬೇಡಿ, ವಾಲ್ವ್ ಕೆಟ್ಟಿದೆ ಎಂದರ್ಥ. 32 ಲೀಟರ್‌ನಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರಬಹುದು. ಪೆಟ್ರೋಲ್ ಟ್ಯಾಂಕ್ ಮಾತ್ರ ಬರಿದಾಗಲು ಬಿಡಬೇಡಿ. ಅದರೊಳಗಿನ ಪಂಪ್‌ಗೆ ತಂಪು ಕೊಡುವುದು ಪೆಟ್ರೋಲೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಡುಗೆ ಸಿಲಿಂಡರಿನಿಂದ ಕಾರಿಗೆ ಗ್ಯಾಸ್ ವರ್ಗಾಯಿಸುವ ಶೆಡ್‌ಗಳ ಹತ್ತಿರ ಸುಳಿಯಬೇಡಿ. ಅದು ಕಾನೂನಿಗೆ ವಿರುದ್ಧ, ಅಲ್ಲಿ ಎಷ್ಟು ತುಂಬಿತೆಂದು ತೋರಿಸುವ ನಂಬಿಕೆಯ ಮೀಟರೂ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಚದುರದೆ ನೆಲದಲ್ಲೇ ಹರಡಿ ಒಂದು ಕಿಡಿಗಾಗಿ ಕಾಯುತ್ತದೆ. ಮನೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು ಅದು. ಲೀಟರಿಗೆ ಉಳಿಯುವ ಹತ್ತು–ಹದಿನೈದು ರೂಪಾಯಿಗೆ ಈ ಕೆಲಸ ಮಾಡಬೇಡಿ.

ಕಾರಿನಲ್ಲಿ ಗ್ಯಾಸ್ ವಾಸನೆ ಬಂದರೆ ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು ಬಾಗಿಲು, ಡಿಕ್ಕಿ ತೆರೆಯಿರಿ, ಟ್ಯಾಂಕ್ ಮೇಲಿನ ಕೈವಾಲ್ವ್ ಮುಚ್ಚಿ. ಲೈಟ್, ಫ್ಯಾನ್ ಸ್ವಿಚ್ ಯಾವುದನ್ನೂ ಮುಟ್ಟಬೇಡಿ.

ಆಮೇಲಿನ ಆರೈಕೆ

ಗ್ಯಾಸಿನಲ್ಲಿ ಮಸಿ ಕಡಿಮೆ, ಆಯಿಲ್ ಬೇಗ ಕಪ್ಪಾಗುವುದಿಲ್ಲ. ಹಾಗೆಂದು ಬದಲಿಸುವ ಅವಧಿ ದಾಟಿಸಬೇಡಿ. ಎಂಜಿನ್ನಿನೊಳಗಿನ ವಾಲ್ವ್ ಸೀಟ್ (ವಾಲ್ವ್ ಕೂರುವ ಜಾಗ) ಬೇಗ ಸವೆಯುವುದರಿಂದ ಪ್ರತಿ ಸರ್ವಿಸ್‌ನಲ್ಲೂ ಟ್ಯಾಪೆಟ್ (ವಾಲ್ವಿನ ಬಳಿಯ ಅಂತರ) ನೋಡಿಸಿ. ಗ್ಯಾಸ್ ಫಿಲ್ಟರ್ ಸಣ್ಣ ಖರ್ಚು, ಮರೆಯಬೇಡಿ. ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಕೊಡಬೇಕು. ಆ ದಿನಾಂಕವನ್ನು ಆರ್‌ಸಿ ಕವರ್ ಮೇಲೆ ಬರೆದಿಡಿ. ಮುಂದೆ ಕಿಟ್ ತೆಗೆಸಿ ಕಾರು ಮಾರುವುದಾದರೆ, ಮಾರುವ ಮೊದಲೇ ಆರ್‌ಟಿಒಗೆ ಹೋಗಿ ಆರ್‌ಸಿಯನ್ನು ಮತ್ತೆ ಪೆಟ್ರೋಲ್‌ಗೆ ಬದಲಾಯಿಸಿಕೊಳ್ಳಿ.